ಪುಟ್ಟ ಮಕ್ಕಳೊಂದಿಗೆ ವಿದೇಶಕ್ಕೆ ಅಲ್ಪಾವಧಿ ಮಿಷನ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಆರು ಮತ್ತು ಮೂರು ವರ್ಷದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಾವು ಮೊದಲ ಬಾರಿ ಮೂರು ವಾರಗಳ ಮಿಷನ್ ಪ್ರವಾಸಕ್ಕೆ ಹೋಗಿ ಬಂದ ಮೇಲೆ, ಆರಾಧನೆ ಮುಗಿಸಿ ಹೊರಬರುವಾಗಲೂ ಪತ್ರಗಳಲ್ಲಿಯೂ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಎದುರಾದವು. ಕೇಳಿದವರ ಮಾತಿನಲ್ಲಿಯೇ ಅವನ್ನು ಇಲ್ಲಿ ಜೋಡಿಸಿ, ನಮಗೆ ತಿಳಿದ ಮಟ್ಟಿಗೆ ಉತ್ತರಿಸಿದ್ದೇವೆ. ಲಸಿಕೆ, ಔಷಧಿಗಳ ವಿಷಯದಲ್ಲಿ ಮಾತ್ರ ನಿಮ್ಮ ಮಗುವನ್ನು ಬಲ್ಲ ವೈದ್ಯರ ಮಾತೇ ಅಂತಿಮ.

## ಹೊರಡಬೇಕೋ ಬೇಡವೋ ಎಂಬ ಹಂತದಲ್ಲಿ

ಅಲ್ಪಾವಧಿ ಮಿಷನ್ ಎಂದರೆ ಏನು? ಮಕ್ಕಳಿದ್ದವರು ಹೋಗುವಂಥದ್ದೇ ಅದು?

ಒಂದು ವಾರದಿಂದ ಕೆಲವು ತಿಂಗಳವರೆಗೆ, ಬೇರೊಂದು ದೇಶದ ಸಭೆಯ (ಚರ್ಚಿನ) ಅಥವಾ ಸಂಸ್ಥೆಯ ಆಹ್ವಾನದ ಮೇಲೆ ಹೋಗಿ, ಅವರು ಮಾಡುತ್ತಿರುವ ಕೆಲಸಕ್ಕೆ ಹೆಗಲು ಕೊಡುವುದನ್ನು ಹೀಗೆ ಕರೆಯುತ್ತಾರೆ. ಪಾಠ ಹೇಳುವುದು, ವೈದ್ಯಕೀಯ ಶಿಬಿರ, ಕಟ್ಟಡದ ಕೆಲಸ, ಸಂಡೇ ಸ್ಕೂಲ್ ಶಿಕ್ಷಕರಿಗೆ ತರಬೇತಿ, ಮನೆ ಮನೆ ಭೇಟಿ, ಹೀಗೆ ಕೆಲಸ ಯಾವುದೂ ಇರಬಹುದು. ಇಲ್ಲಿ ಮುಖ್ಯವಾದ ಪದ ಆಹ್ವಾನ. ಮಕ್ಕಳೂ ಬರುತ್ತಾರೆ ಎಂಬುದು ಆಹ್ವಾನಿಸಿದವರಿಗೆ ಮೊದಲೇ ತಿಳಿದಿರಬೇಕು, ಅವರು ಅದನ್ನು ಮನಸಾರೆ ಒಪ್ಪಿರಬೇಕು. ಸತ್ಯವೇದದಲ್ಲಿಯೂ ಸುವಾರ್ತೆ ಒಂಟಿ ಗಂಡಸರ ಕೆಲಸವಾಗಿಯೇ ಉಳಿದಿಲ್ಲ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳಾಗಿಯೇ ಊರಿಂದೂರಿಗೆ ಹೋದವರು. ಕೈಸರೈಯದಲ್ಲಿ ಪೌಲನ ತಂಡ ಇಳಿದುಕೊಂಡದ್ದು ನಾಲ್ವರು ಹೆಣ್ಣು ಮಕ್ಕಳಿದ್ದ ಫಿಲಿಪ್ಪನ ಮನೆಯಲ್ಲಿ. ಆದರೆ ಚಿಕ್ಕ ಮಕ್ಕಳಿರುವ ಕುಟುಂಬವು ಇಬ್ಬರು ವಯಸ್ಕರಷ್ಟು ಕೆಲಸ ಮಾಡಲಾರದು. ಒಬ್ಬರ ಕೆಲಸವಾದರೆ ಅದೇ ಹೆಚ್ಚು ಎಂದು ಲೆಕ್ಕ ಹಾಕಿಕೊಂಡು ಹೊರಡಿ, ಅದನ್ನು ಆತಿಥೇಯರಿಗೂ ಹೇಳಿ.

ನಮ್ಮ ಮಗುವಿಗೆ ಒಂದೂವರೆ ವರ್ಷ. ಎಷ್ಟು ವಯಸ್ಸಾದ ಮೇಲೆ ಕರೆದುಕೊಂಡು ಹೋಗುವುದು ಒಳ್ಳೆಯದು?

ನಿಯಮವೇನೂ ಇಲ್ಲ, ನಮ್ಮ ಅಭಿಪ್ರಾಯ ಹೇಳಬಹುದು. ಎದೆಹಾಲು ಕುಡಿಯುವ ಕೂಸಿನ ಊಟದ ಚಿಂತೆ ಇರುವುದಿಲ್ಲವಾದರೂ, ಅದಕ್ಕೆ ಹಾಕಿಸಬೇಕಾದ ಲಸಿಕೆಗಳಲ್ಲಿ ಅರ್ಧದಷ್ಟಕ್ಕೆ ಇನ್ನೂ ವಯಸ್ಸಾಗಿರುವುದಿಲ್ಲ. ಒಂದೂವರೆಯಿಂದ ಮೂರು ವರ್ಷದ ಅವಧಿಯೇ ಎಲ್ಲಕ್ಕಿಂತ ಕಷ್ಟದ್ದು: ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಕಾಲಿಗೆ ಓಟ ಬಂದಿರುತ್ತದೆ, ಹೇಳಿದ ಮಾತು ಮಾತ್ರ ತಲೆಗೆ ಹೋಗುವುದಿಲ್ಲ. ಐದು ದಾಟಿದ ಮಗುವಿಗೆ ಎಲ್ಲಿಗೆ, ಏಕೆ ಹೋಗುತ್ತಿದ್ದೇವೆ ಎಂದು ವಿವರಿಸಬಹುದು. ಬಾಟಲಿಯ ನೀರಲ್ಲೇ ಹಲ್ಲುಜ್ಜು ಎಂದರೆ ಕೇಳುತ್ತದೆ. ನೋಡಿದ್ದು ನೆನಪಿನಲ್ಲಿಯೂ ಉಳಿಯುತ್ತದೆ. ನಿಮ್ಮ ಜಾಗದಲ್ಲಿ ನಾವಿದ್ದರೆ, ಹೋಗಲೇಬೇಕೆಂಬ ತುರ್ತಿಲ್ಲದಿದ್ದಲ್ಲಿ ಎರಡು ವರ್ಷ ಕಾಯುತ್ತಿದ್ದೆವು.

ನಮ್ಮ ಯಜಮಾನರು “ದೇವರು ಕರೆದಿದ್ದಾರೆ, ದೇವರೇ ಕಾಯುತ್ತಾರೆ” ಎನ್ನುತ್ತಾರೆ. ನನಗೆ ಹೆದರಿಕೆ. ನನ್ನ ವಿಶ್ವಾಸ ಕಡಿಮೆಯೇ?

ಇಲ್ಲ. ಈ ಪ್ರಶ್ನೆ ಕೇಳಿದ ತಾಯಂದಿರಿಗೆಲ್ಲ ನಾವು ಮಿಷನರಿ ವಿಲಿಯಂ ಕೇರಿಯವರ ಪತ್ನಿ ಡೊರೊಥಿ ಕೇರಿಯವರ ಕಥೆ ಹೇಳುತ್ತೇವೆ. 1793ರಲ್ಲಿ ವಿಲಿಯಂ ಕೇರಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಹೊರಡಲು ಸಿದ್ಧರಾದಾಗ ತುಂಬು ಬಸುರಿಯಾಗಿದ್ದ ಪತ್ನಿ ಒಪ್ಪಿರಲಿಲ್ಲ. ಪ್ರಯಾಣ ತಡವಾಗಿ, ಅಷ್ಟರಲ್ಲಿ ಹೆರಿಗೆಯೂ ಆಗಿ, ಕೊನೆಯ ಗಳಿಗೆಯ ಒತ್ತಾಯಕ್ಕೆ ಮಣಿದು, ತಂಗಿಯೂ ಜೊತೆಗೆ ಬರುವುದಾದರೆ ಸರಿ ಎಂದು ಅವರು ಕೈಗೂಸೂ ಸೇರಿದಂತೆ ನಾಲ್ವರು ಗಂಡು ಮಕ್ಕಳೊಂದಿಗೆ ಹಡಗು ಹತ್ತಿದರು. ಮರುವರ್ಷವೇ ಐದು ವರ್ಷದ ಪೀಟರ್ ತೀರಿಕೊಂಡ. ಡೊರೊಥಿಯವರ ಮನಸ್ಸು ಆ ಬಳಿಕ ಸ್ಥಿಮಿತ ಕಳೆದುಕೊಂಡದ್ದು 1807ರಲ್ಲಿ ಅವರು ಸಾಯುವವರೆಗೂ ಸರಿಹೋಗಲಿಲ್ಲ. ಕೇರಿಯವರ ಬೈಬಲ್ ಭಾಷಾಂತರಗಳನ್ನು ಹೊಗಳುವ ನಮ್ಮ ಸಭೆಗಳಲ್ಲಿ ಈ ಅಧ್ಯಾಯವನ್ನು ಯಾರೂ ಓದುವುದಿಲ್ಲ.

ಇಂದಿನ ಮೂರು ವಾರದ ಪ್ರವಾಸವನ್ನು ಅದಕ್ಕೆ ಹೋಲಿಸಲಾಗದು, ನಿಜ. ಆದರೂ ಇಬ್ಬರಲ್ಲಿ ಒಬ್ಬರು ಒಲ್ಲೆ ಎನ್ನುತ್ತಿರುವಾಗ ಹೊರಡಬಾರದು ಎಂಬುದು ನಾವು ಸಡಿಲಿಸದ ಮಾತು. ನಿಮ್ಮ ಹೆದರಿಕೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅರ್ಧದಷ್ಟಕ್ಕೆ ಲಸಿಕೆಯೋ ವಿಮೆಯೋ ಸೊಳ್ಳೆಪರದೆಯೋ ಉತ್ತರವಾಗುತ್ತದೆ. ಉಳಿದವನ್ನು ಇಬ್ಬರೂ ಕುಳಿತು ಪ್ರಾರ್ಥಿಸಿ ತೀರ್ಮಾನಿಸಿ. ಆ ಹಾಳೆ ಬರೆಯುವುದು ನಿಮ್ಮೊಬ್ಬರ ಕೆಲಸವಲ್ಲ, ಯಜಮಾನರೂ ಬರೆಯಲಿ.

ಮಕ್ಕಳನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ನಾವಿಬ್ಬರೇ ಹೋಗಿ ಬಂದರೆ?

ಕೆಲಸ ಕಠಿಣವಾಗಿದ್ದರೆ, ಜಾಗ ದುರ್ಗಮವಾಗಿದ್ದರೆ ಅದೇ ಸರಿಯಾದ ನಿರ್ಧಾರ. ಎರಡು ವಾರ ಅಜ್ಜಿಯ ಮನೆಯಲ್ಲಿದ್ದ ಮಗುವಿಗೆ ಯಾವ ನಷ್ಟವೂ ಆಗುವುದಿಲ್ಲ. ಮಿಷನರಿಗಳ ಇತಿಹಾಸದಲ್ಲಿ ಮಕ್ಕಳ ಮನಸ್ಸಿಗೆ ಗಾಯ ಮಾಡಿದ್ದು ದೀರ್ಘ ಅಗಲಿಕೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳುಹಿಸುತ್ತಿದ್ದರು. ತಂದೆತಾಯಿಯರ ಮುಖವನ್ನು ಆ ಮಕ್ಕಳು ಮತ್ತೆ ನೋಡುತ್ತಿದ್ದುದು ವರ್ಷಗಳ ನಂತರ. ನಿಮ್ಮದು ಅಂಥ ಅಗಲಿಕೆಯಲ್ಲ.

## ಕಾಗದಪತ್ರ ಮತ್ತು ಹಣ

ಪ್ರವಾಸಿ ವೀಸಾದಲ್ಲೇ ಹೋದರೆ ಆಗದೇ? ಎಲ್ಲರೂ ಹಾಗೇ ಹೋಗುತ್ತಾರಂತೆ.

ಎಲ್ಲರೂ ಹೋಗುತ್ತಾರೆ ಎಂಬುದು ವಲಸೆ ಅಧಿಕಾರಿಯ ಮುಂದೆ ನಿಲ್ಲುವ ಉತ್ತರವಲ್ಲ. ಹಲವು ದೇಶಗಳಲ್ಲಿ ಸ್ವಯಂಸೇವೆಗೆ ಮತ್ತು ಧಾರ್ಮಿಕ ಕೆಲಸಕ್ಕೆ ಬೇರೆ ಬೇರೆ ವೀಸಾಗಳಿವೆ. ಭಾರತದಲ್ಲಿ ಮಿಷನರಿ ವೀಸಾ ಎಂಬ ಪ್ರತ್ಯೇಕ ವರ್ಗವೇ ಇದೆ, ಪ್ರವಾಸಿ ವೀಸಾದಲ್ಲಿ ಬಂದು ಧರ್ಮಪ್ರಚಾರ ಮಾಡುವಂತಿಲ್ಲ. ನೇಪಾಳದಲ್ಲಿ 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದಂಡ ಸಂಹಿತೆಯ ಪ್ರಕಾರ ಮತಾಂತರ ಮಾಡಿಸುವುದಕ್ಕೆ ಐದು ವರ್ಷಗಳವರೆಗೆ ಸೆರೆವಾಸವಿದೆ, ವಿದೇಶಿಯರಾದರೆ ಶಿಕ್ಷೆಯ ಬಳಿಕ ಗಡೀಪಾರು. ನಿಮ್ಮ ಮೇಲೆ ಕ್ರಮವಾದರೆ ನೀವು ವಿಮಾನ ಹತ್ತಿ ವಾಪಸ್ ಬರಬಹುದು, ಆದರೆ ನಿಮ್ಮನ್ನು ಕರೆಸಿಕೊಂಡ ಪಾಸ್ಟರ್ ಅಲ್ಲಿಯೇ ಬದುಕಬೇಕು. ನೀವು ಮಾಡಲಿರುವ ಕೆಲಸವನ್ನು ಇದ್ದಂತೆ ಬರೆದು ಆ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಮಕ್ಕಳ ದೃಷ್ಟಿಯಿಂದ ಇನ್ನೊಂದು ಮಾತಿದೆ: “ಇಲ್ಲಿಗೇಕೆ ಬಂದೆ ಪುಟ್ಟಾ?” ಎಂದು ಅಧಿಕಾರಿ ಕೇಳಿದರೆ ಆರು ವರ್ಷದ ಮಗು ಸತ್ಯವನ್ನೇ ಹೇಳುತ್ತದೆ. ಅದು ಹಾಗೆ ಹೇಳಿದರೂ ತೊಂದರೆಯಾಗದಂಥ ವೀಸಾ ನಿಮ್ಮ ಕೈಯಲ್ಲಿರಲಿ.

ಮಕ್ಕಳಿಗೆಂದು ಬೇರೆ ದಾಖಲೆ ಏನಾದರೂ ಬೇಕೇ?

ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಮಕ್ಕಳ ಪಾಸ್‌ಪೋರ್ಟ್‌ಗಳ ಅವಧಿ ಸಾಮಾನ್ಯವಾಗಿ ದೊಡ್ಡವರದ್ದಕ್ಕಿಂತ ಕಡಿಮೆ, ಮತ್ತು ಅನೇಕ ದೇಶಗಳು ಇನ್ನೂ ಆರು ತಿಂಗಳು ಊರ್ಜಿತವಿರಬೇಕೆಂದು ಕೇಳುತ್ತವೆ. ಆದ್ದರಿಂದ ದಿನಾಂಕ ನೋಡದೆ ಟಿಕೆಟ್ ಮಾಡಿಸಬೇಡಿ. ಜನನ ಪ್ರಮಾಣಪತ್ರವನ್ನು ಜೊತೆಗಿಟ್ಟುಕೊಳ್ಳಿ. ತಾಯಿ ಅಥವಾ ತಂದೆ ಒಬ್ಬರೇ ಮಗುವಿನೊಂದಿಗೆ ಗಡಿ ದಾಟುವ ಸಂದರ್ಭ ಬಂದರೆ ಇನ್ನೊಬ್ಬರ ಸಹಿಯುಳ್ಳ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕಾಗಬಹುದು. ಒಟ್ಟಿಗೇ ಹೋಗಿ ಒಟ್ಟಿಗೇ ಬರುವ ಯೋಜನೆಯಿದ್ದರೂ ಅದನ್ನು ಮಾಡಿಸಿಡಿ, ಏಕೆಂದರೆ ಅರ್ಧದಲ್ಲಿ ಒಬ್ಬರೇ ಮಗುವನ್ನು ಕರೆತರಬೇಕಾದ ದಿನ ನೋಟರಿಯನ್ನು ಹುಡುಕಿಕೊಂಡು ಹೋಗಲಾಗದು.

ನಾಲ್ವರ ಟಿಕೆಟ್ಟಿನ ಹಣವನ್ನೇ ಅಲ್ಲಿಗೆ ಕಳುಹಿಸಿದರೆ ಹೆಚ್ಚು ಉಪಯೋಗವಲ್ಲವೇ?

ಕೆಲವೊಮ್ಮೆ ಹೌದು, ಮುಜುಗರವಾಗುತ್ತದೆಂದು ಈ ಪ್ರಶ್ನೆಯಿಂದ ನುಣುಚಿಕೊಳ್ಳಬಾರದು. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಉತ್ತರ ಅಮೆರಿಕದ ಸಭೆಗಳ ತಂಡಗಳು ಹೋಗಿ ಮನೆ ಕಟ್ಟಿಕೊಟ್ಟಿದ್ದನ್ನು ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಅಧ್ಯಯನ ಮಾಡಿದರು. ವಿದೇಶಿ ತಂಡದಿಂದ ಮನೆ ಪಡೆದವರಿಗೂ ಸ್ಥಳೀಯರೇ ಕಟ್ಟಿಕೊಟ್ಟ ಮನೆ ಪಡೆದವರಿಗೂ ಬದುಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹೋಗಿ ಬಂದವರ ಪ್ರಾರ್ಥನೆ, ಕಾಣಿಕೆಗಳಲ್ಲಿಯೂ ಶಾಶ್ವತವಾದ ದೊಡ್ಡ ಬದಲಾವಣೆಯೇನೂ ಆಗಿರಲಿಲ್ಲ.

ಆದ್ದರಿಂದ ನೀವು ಹೋಗಿ ಮಾಡುವ ಕೆಲಸವನ್ನು ಅಲ್ಲಿಯ ಗಾರೆ ಕೆಲಸದವರೋ ಶಿಕ್ಷಕರೋ ಕೂಲಿ ಪಡೆದು ಮಾಡಬಲ್ಲರಾದರೆ ಹಣವನ್ನೇ ಕಳುಹಿಸಿ. ನಿಮ್ಮ ವೃತ್ತಿಯ ಪರಿಣತಿ ಅವರಿಗೆ ಬೇಕಿದ್ದರೆ, ಅಥವಾ ವರ್ಷಗಟ್ಟಲೆ ಉಳಿಯುವ ಸಂಬಂಧವೊಂದರ ಭಾಗವಾಗಿ ಅವರು ನಿಮ್ಮ ಕುಟುಂಬವನ್ನೇ ನೋಡಬಯಸಿದ್ದರೆ ಹೋಗಿ. ಮಕ್ಕಳ ಟಿಕೆಟ್ಟನ್ನು ಮಾತ್ರ ಸಭೆಯವರ ಕಾಣಿಕೆಯಿಂದ ಕೊಳ್ಳದೆ ನಮ್ಮ ಉಳಿತಾಯದಿಂದಲೇ ಕೊಂಡೆವು. ಇದು ನಮ್ಮ ಮನಸ್ಸಿನ ಸಮಾಧಾನಕ್ಕೆ, ಇತರರಿಗೆ ನಿಯಮವಾಗಬೇಕಿಲ್ಲ.

## ಆರೋಗ್ಯ ಮತ್ತು ಸುರಕ್ಷತೆ

ಯಾವ ಯಾವ ಲಸಿಕೆ ಹಾಕಿಸಬೇಕು? ಎಷ್ಟು ಮೊದಲೇ?

ಹೊರಡುವುದಕ್ಕೆ ಎರಡು ತಿಂಗಳಾದರೂ ಮುಂಚೆ ವೈದ್ಯರನ್ನು ಕಾಣಿ. ಸಾಮಾನ್ಯ ಪಟ್ಟಿಯ ಲಸಿಕೆಗಳು ಪೂರ್ತಿಯಾಗಿವೆಯೇ ಎಂಬುದು ಮೊದಲನೆಯದು. ದಡಾರ ಇರುವ ಕಡೆಗೆ ಹೋಗುವ ಮಗುವಿಗೆ ಆರು ತಿಂಗಳಿನಿಂದಲೇ ಒಂದು ಮುಂಗಡ ಡೋಸ್ ಹಾಕಬಹುದು. ಒಂದು ವರ್ಷದೊಳಗೆ ಹೀಗೆ ಹಾಕಿದ ಡೋಸನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನವನ್ನು ಹಾಕಿಸಬೇಕು. ಹೆಪಟೈಟಿಸ್ ಎ ಲಸಿಕೆಗೆ ಸಾಮಾನ್ಯವಾಗಿ ಒಂದು ವರ್ಷ ತುಂಬಿರಬೇಕು. ಟೈಫಾಯ್ಡ್‌ನ ಕಾಂಜುಗೇಟ್ ಲಸಿಕೆ ಆರು ತಿಂಗಳಿನಿಂದಲೇ ಸಿಗುತ್ತದೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವಾಗ ಹಳದಿ ಜ್ವರದ ಲಸಿಕೆ ಬೇಕಾಗುತ್ತದೆ. ಅದನ್ನು ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ಹಾಕುತ್ತಾರೆ. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ಬಳಿಕ, ಮತ್ತು 2016ರ ಜುಲೈನಿಂದ ಅದು ಜೀವಮಾನಕ್ಕೆ ಸಲ್ಲುತ್ತದೆ. ವಿಮಾನ ಬದಲಿಸುವ ದೇಶದ ನಿಯಮವನ್ನೂ ಓದಿಕೊಳ್ಳಿ.

ಮಲೇರಿಯಾ ಇರುವ ಕಡೆಗೆ ಮಗುವನ್ನು ಕರೆದೊಯ್ಯುವುದು ಹುಚ್ಚುತನವಲ್ಲವೇ?

ಈ ಪ್ರಶ್ನೆಯನ್ನು ಒರಟು ಎಂದು ನಾವು ಭಾವಿಸುವುದಿಲ್ಲ. ಆಫ್ರಿಕಾದಲ್ಲಿ ಮಲೇರಿಯಾದಿಂದ ಸಾಯುವ ನಾಲ್ವರಲ್ಲಿ ಸುಮಾರು ಮೂವರು ಐದು ವರ್ಷದೊಳಗಿನ ಮಕ್ಕಳು. ಮಲೇರಿಯಾಗಳಲ್ಲೇ ಹೆಚ್ಚು ಅಪಾಯಕಾರಿಯಾದ ಫಾಲ್ಸಿಪೇರಮ್ ಬಗೆಯದು ಇರುವ ಕಡೆಗೆ ಕೂಸುಗಳನ್ನೂ ಚಿಕ್ಕ ಮಕ್ಕಳನ್ನೂ ಕರೆದೊಯ್ಯದಿರುವುದೇ ಲೇಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಮೊದಲ ಪ್ರವಾಸಕ್ಕೆ ನಾವು ಆಯ್ದುಕೊಂಡದ್ದು ಮಲೇರಿಯಾ ಇಲ್ಲದ ಎತ್ತರದ ಪ್ರದೇಶವನ್ನು; ಇನ್ನೊಂದು ಆಹ್ವಾನವನ್ನು ಇದೇ ಕಾರಣಕ್ಕೆ ಬಿಟ್ಟುಕೊಟ್ಟೆವು. ಹೋಗಲೇಬೇಕಾದರೆ ತಡೆಗಟ್ಟುವ ಮಾತ್ರೆಯನ್ನು ಮಗುವಿನ ತೂಕ ನೋಡಿ ವೈದ್ಯರೇ ನಿಗದಿ ಮಾಡಬೇಕು. ದೊಡ್ಡವರು ನುಂಗುವ ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನವರಿಗೆ ಸಲ್ಲದು. ಊರಿಗೆ ಮರಳಿದೊಡನೆ ಮಾತ್ರೆ ನಿಲ್ಲಿಸುವಂತಿಲ್ಲ. ಔಷಧಿಗನುಗುಣವಾಗಿ ಒಂದು ವಾರವೋ ನಾಲ್ಕು ವಾರವೋ ಮುಂದುವರಿಸಬೇಕು. ಮಲೇರಿಯಾ ಹರಡುವ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಮುಂಜಾವಿನವರೆಗೆ. ಆ ಹೊತ್ತಿನಲ್ಲಿ ಉದ್ದ ತೋಳಿನ ಬಟ್ಟೆ, ಔಷಧಿ ಹಾಯಿಸಿದ ಸೊಳ್ಳೆಪರದೆ ಇರಲೇಬೇಕು. ಸಂಜೆಯ ಪ್ರಾರ್ಥನಾ ಕೂಟ ಬಯಲಿನಲ್ಲಿದ್ದರೆ ಮಕ್ಕಳೊಂದಿಗೆ ಒಬ್ಬರು ಒಳಗೇ ಉಳಿಯಿರಿ.

ಔಷಧಿಯ ಪೆಟ್ಟಿಗೆಯಲ್ಲಿ ಏನೇನು ಇಟ್ಟುಕೊಳ್ಳಬೇಕು?

ಜ್ವರದ ಸಿರಪ್, ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣಗಳು, ಗಾಯಕ್ಕೆ ಹಚ್ಚುವ ಮುಲಾಮು, ಮಗು ನಿತ್ಯ ತೆಗೆದುಕೊಳ್ಳುವ ಔಷಧಿ ಮತ್ತು ಅದರ ಚೀಟಿ. ಏನೇನು ಇಡಬೇಕು ಎಂಬುದಕ್ಕಿಂತ ಎಲ್ಲಿ ಇಡಬೇಕು ಎಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ಅಚ್ಚುಕಟ್ಟಾಗಿ ಜೋಡಿಸಿದ ಪೆಟ್ಟಿಗೆಯನ್ನು ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿಟ್ಟಿದ್ದೆವು. ಸೂಟ್‌ಕೇಸ್ ಎರಡು ದಿನ ತಡವಾಗಿ ಬಂತು, ಮಗಳಿಗೆ ಮೊದಲ ರಾತ್ರಿಯೇ ಜ್ವರ ಬಂತು. ಆತಿಥೇಯರ ಸೊಸೆ ಕತ್ತಲಲ್ಲಿ ಟಾರ್ಚ್ ಹಿಡಿದು ಪಕ್ಕದ ಮನೆಯಿಂದ ಸಿರಪ್ ತಂದುಕೊಟ್ಟರು. ಬಾಟಲಿಯ ಮೇಲಿನ ಭಾಷೆ ನಮಗೆ ಬಾರದು, ಅಳತೆಯ ಮುಚ್ಚಳವೂ ಇರಲಿಲ್ಲ. ಅವರು ಓದಿ ಅರ್ಥ ಹೇಳಿ, ನಾವು ತೂಕ ಲೆಕ್ಕ ಹಾಕಿ, ಚಹಾದ ಚಮಚದಲ್ಲಿ ಕೊಡುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಆ ದಿನದಿಂದ ಸಿರಪ್, ಥರ್ಮಾಮೀಟರ್, ಸೂಜಿಯಿಲ್ಲದ ಅಳತೆಯ ಸಿರಿಂಜ್ ಇವಿಷ್ಟೂ ಕೈಚೀಲದಲ್ಲಿರುತ್ತವೆ.

ರೋಗ, ಕಳ್ಳರು, ಗಲಭೆ, ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು?

ರಸ್ತೆಗೆ. ಜಗತ್ತಿನಾದ್ಯಂತ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ. ಸೀಟ್ ಬೆಲ್ಟ್ ಇಲ್ಲದ ವ್ಯಾನಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾತ್ರಿ ಪ್ರಯಾಣ ಮಾಡುವುದು ಮಿಷನ್ ತಂಡಗಳಲ್ಲಿ ಸರ್ವೇಸಾಮಾನ್ಯವಾಗಿದೆ. ಮಕ್ಕಳ ಕಾರ್ ಸೀಟನ್ನು ಮನೆಯಿಂದಲೇ ಒಯ್ಯಿರಿ, ಬೆಲ್ಟ್ ಇರುವ ವಾಹನವನ್ನು ಮೊದಲೇ ಕೇಳಿಕೊಳ್ಳಿ, ಕತ್ತಲಾದ ಮೇಲೆ ಹೆದ್ದಾರಿಗೆ ಇಳಿಯಬೇಡಿ. ಎರಡನೆಯದು ನಾಯಿ. ಕಚ್ಚಿದರೂ ಪರಚಿದರೂ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಚಿಕಿತ್ಸೆಗೆ ಹೋಗಬೇಕು. ಬೈಗುಳಕ್ಕೆ ಹೆದರಿ ಮಕ್ಕಳು ಬಾಯಿ ಬಿಡುವುದಿಲ್ಲವಾದ್ದರಿಂದ, ಹೇಳಿದರೆ ಬೈಯುವುದಿಲ್ಲ ಎಂದು ಹೊರಡುವ ಮುನ್ನವೇ ಮಾತು ಕೊಡಿ.

## ಅಲ್ಲಿದ್ದಾಗ

ದಿನವಿಡೀ ಕಾರ್ಯಕ್ರಮ ಇರುತ್ತದೆ. ಮಕ್ಕಳನ್ನು ಯಾರು ನೋಡಿಕೊಳ್ಳುವುದು?

ತಂದೆ ತಾಯಿ ಸರದಿಯಲ್ಲಿ ನೋಡಿಕೊಳ್ಳಬೇಕು. ತಂಡದ ಅವಿವಾಹಿತ ಹುಡುಗಿಯರ ಕೈಗೆ ಮಕ್ಕಳನ್ನು ಒಪ್ಪಿಸಿಬಿಡುವುದೂ, ತಾಯಿಯೊಬ್ಬಳೇ ಮೂರು ವಾರ ಕೋಣೆಯಲ್ಲಿ ಕೂರುವುದೂ ನಾವು ಕಣ್ಣಾರೆ ಕಂಡ ತಪ್ಪುಗಳು. ನಾವು ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು ಎಂದು ಹಂಚಿಕೊಂಡೆವು. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಏನನ್ನೂ ಇಟ್ಟುಕೊಳ್ಳಲಿಲ್ಲ, ವಾರಕ್ಕೊಂದು ದಿನ ಪೂರ್ತಿ ಬಿಡುವು ತೆಗೆದುಕೊಂಡೆವು. ಸಮಯ ವಲಯ ಬದಲಾದರೆ ಗಂಟೆಗೊಂದು ದಿನದಂತೆ ನಿದ್ದೆ ಸರಿಹೋಗಲು ಬಿಡಬೇಕಾದ್ದರಿಂದ ಮೊದಲ ಮೂರ್ನಾಲ್ಕು ದಿನ ಖಾಲಿಯಿರಲಿ.

ಮಕ್ಕಳಿಗೂ ಏನಾದರೂ ಸೇವೆ ಕೊಡಬಹುದೇ?

ನಾವು ಕೊಡಲು ಹೋಗಿ ಪಾಠ ಕಲಿತೆವು. ಮಗನಿಗೆ ಒಂದು ಹಾಡು, ಮಗಳಿಗೆ ಕೈಬೊಂಬೆಯ ಆಟ ಕಲಿಸಿ ಕರೆದೊಯ್ದಿದ್ದೆವು. ಮೊದಲ ಭಾನುವಾರ ಎಪ್ಪತ್ತು ಮಕ್ಕಳ ಎದುರು ನಿಂತ ಮಗಳು ಬೊಂಬೆಯನ್ನು ಮುಖಕ್ಕೆ ಅಡ್ಡ ಹಿಡಿದು ಅತ್ತಳು, ಮಗ ಹಾಡಲಿಲ್ಲ. ಆರಾಧನೆ ಮುಗಿದು ನಾವು ಆತಿಥೇಯರ ಬಳಿ ಕ್ಷಮೆ ಕೇಳುತ್ತಿರುವಾಗ, ಮಗ ಹಿಂದಿನ ಅಂಗಳದಲ್ಲಿ ಮೂವರು ಹುಡುಗರೊಂದಿಗೆ ಕುಕ್ಕರಗಾಲಿನಲ್ಲಿ ಕುಳಿತು, ನೆಲದ ಮೇಲೆ ಗೆರೆ ಎಳೆದು, ಸೋಡಾ ಬಾಟಲಿಯ ಮುಚ್ಚಳಗಳನ್ನು ಬೆರಳಿನಿಂದ ಚಿಮ್ಮುತ್ತಿದ್ದ. ಒಬ್ಬರ ಮಾತು ಒಬ್ಬರಿಗೆ ಬಾರದು, ಆದರೂ ಆಟದ ನಿಯಮದ ಬಗ್ಗೆ ಜೋರು ಜಗಳ ನಡೆದಿತ್ತು. ಕೈಬೊಂಬೆಗಳು ಮತ್ತೆ ಚೀಲದಿಂದ ಹೊರಬರಲಿಲ್ಲ. ಬೆಂಚು ಜೋಡಿಸುವುದು, ತಟ್ಟೆ ಹಂಚುವುದು, ಪುಸ್ತಕ ಎತ್ತಿಡುವುದು, ಹೀಗೆ ದೊಡ್ಡವರ ಜೊತೆ ನಿಂತು ಮಾಡುವ ಕೆಲಸವನ್ನು ಮಗು ತಾನಾಗಿ ಕೇಳಿದರೆ ಕೊಡಿ. ವೇದಿಕೆಗೆ ಹತ್ತಿಸಬೇಡಿ.

ಎಲ್ಲರೂ ಮಗಳನ್ನು ಎತ್ತಿಕೊಳ್ಳುತ್ತಾರೆ, ಕೆನ್ನೆ ಮುಟ್ಟುತ್ತಾರೆ. ಬೇಡ ಎಂದರೆ ಬೇಸರವಾಗುವುದಿಲ್ಲವೇ?

ಪ್ರೀತಿಯಿಂದಲೇ ಮುಟ್ಟುತ್ತಾರೆ, ಸಂದೇಹವಿಲ್ಲ. ಆದರೂ ಮಗುವಿನ “ಬೇಡ”ಕ್ಕೆ ಬೆಲೆ ಇರಬೇಕು. ಅಂಥ ಹೊತ್ತಿನಲ್ಲಿ ನೀವೇ ಮಗುವನ್ನು ಎತ್ತಿಕೊಂಡು, ಅವಳಿಗೆ ನಾಚಿಕೆ ಎಂದು ನಗುತ್ತಾ ಹೇಳಿದರೆ ಯಾರೂ ಬೇಸರಿಸುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಮಗುವನ್ನು ಒಬ್ಬರೇ ವಯಸ್ಕರೊಂದಿಗೆ ಬಿಡಬಾರದು ಎಂಬ ನಿಯಮ ಪಾಸ್ಟರಿಗೂ, ತಂಡದ ನಾಯಕರಿಗೂ, ಬಹುಕಾಲದ ಗೆಳೆಯರಿಗೂ ಒಂದೇ. ಅಲ್ಲಿಯ ಮಕ್ಕಳ ವಿಷಯದಲ್ಲಿ ಅದೇ ನಿಯಮ ನಿಮಗೂ ಅನ್ವಯಿಸುತ್ತದೆ.

ಪ್ರೀತಿಯಿಂದ ಬಡಿಸಿದ ಊಟವನ್ನು ಮಗು ಉಗುಳಿಬಿಟ್ಟರೆ?

ಮಕ್ಕಳನ್ನು ಸಾಕಿದವರಿಗೆ ಅದು ಹೊಸದಲ್ಲ. ನೀವು ಮಾತ್ರ ತಟ್ಟೆ ಖಾಲಿ ಮಾಡಿ.

## ಕಠಿಣ ಪ್ರಶ್ನೆಗಳು

ಅನಾಥಾಶ್ರಮಕ್ಕೆ ಹೋಗಿ, ಅಲ್ಲಿಯ ಮಕ್ಕಳೊಂದಿಗೆ ನಮ್ಮ ಮಕ್ಕಳನ್ನು ಒಂದು ವಾರ ಆಡಿಸಬೇಕೆಂದಿದ್ದೇವೆ. ತಪ್ಪೇನಾದರೂ ಇದೆಯೇ?

ಇದೆ, ಈ ಯೋಜನೆಯನ್ನು ಬಿಟ್ಟುಬಿಡಿ ಎಂದೇ ನಮ್ಮ ಸಲಹೆ. ಆಶ್ರಮಗಳಲ್ಲಿರುವ ಮಕ್ಕಳಲ್ಲಿ ಬಹುಪಾಲು ಅನಾಥರಲ್ಲ. ತಂದೆ ಅಥವಾ ತಾಯಿ ಬದುಕಿದ್ದು, ಬಡತನದಿಂದಾಗಿ ಅಲ್ಲಿ ಸೇರಿದವರು. ವಿದೇಶಿ ಅತಿಥಿಗಳೂ ಅವರ ಕಾಣಿಕೆಗಳೂ ಬರುತ್ತಲೇ ಇದ್ದರೆ ಆಶ್ರಮ ತುಂಬಿರಬೇಕಾಗುತ್ತದೆ, ಅದಕ್ಕಾಗಿ ಮಕ್ಕಳನ್ನು ಮನೆಯಿಂದ ಬಿಡಿಸಿ ತರುವ ದಂಧೆಯೂ ಹುಟ್ಟಿಕೊಳ್ಳುತ್ತದೆ. ಆಶ್ರಮಗಳಲ್ಲಿನ ಸ್ವಯಂಸೇವೆ, ಅದರಲ್ಲಿಯೂ ಪ್ರವಾಸೋದ್ಯಮದ ಹೆಸರಿನದು, ಮಕ್ಕಳ ಸಾಗಾಣಿಕೆಗೂ ಶೋಷಣೆಗೂ ದಾರಿಯಾಗಬಲ್ಲದು ಎಂದು 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ ನಿರ್ಣಯದಲ್ಲಿಯೇ ಎಚ್ಚರಿಸಿದೆ. ಒಂದು ವಾರ ಎತ್ತಿ ಆಡಿಸಿ ಎಂಟನೆಯ ದಿನ ಮಾಯವಾಗುವ ಅಪರಿಚಿತರು ಅಲ್ಲಿ ಸಾಲುಸಾಲಾಗಿ ಬಂದು ಹೋಗುತ್ತಾರೆ. ಕಂಡವರನ್ನೆಲ್ಲ ಓಡಿ ಬಂದು ಅಪ್ಪಿಕೊಳ್ಳುವ ಮಗುವನ್ನು ನೋಡಿ ನಮ್ಮ ಕಣ್ಣು ತುಂಬುತ್ತದೆ. ಆ ಅಪ್ಪುಗೆಯೇ ಆ ಮಗುವಿಗಾದ ಗಾಯದ ಗುರುತು ಎನ್ನುತ್ತಾರೆ ಮಕ್ಕಳ ಮನಸ್ಸನ್ನು ಬಲ್ಲವರು. ಮಕ್ಕಳನ್ನು ಸ್ವಂತ ಕುಟುಂಬದಲ್ಲಿಯೇ ಉಳಿಸಲು ದುಡಿಯುವ ಸ್ಥಳೀಯ ಸಭೆಗೆ ನಿಮ್ಮ ನೆರವು ಸಲ್ಲಲಿ.

ಬಡತನವನ್ನು ಕಣ್ಣಾರೆ ಕಂಡು ನಮ್ಮ ಮಕ್ಕಳು ಕೃತಜ್ಞತೆ ಕಲಿಯಲಿ ಎಂಬುದು ನಮ್ಮ ಆಸೆ. ಸರಿಯಲ್ಲವೇ?

ಒಂದು ಕ್ಷಣ ಅತ್ತ ಕಡೆಯಿಂದ ಯೋಚಿಸಿ. ನಿಮ್ಮ ಮನೆಗೆ ಬಂದ ಅತಿಥಿ ತನ್ನ ಮಗುವಿಗೆ “ನೋಡು, ಇವರಿಗೆ ಏನೂ ಇಲ್ಲ, ನೀನೆಷ್ಟು ಪುಣ್ಯವಂತ” ಎಂದರೆ ನಿಮಗೆ ಹೇಗಾದೀತು? ಮಕ್ಕಳು ಅಲ್ಲಿ ಕಾಣುವುದು ಬಡತನವನ್ನೇ ಅಲ್ಲ. ನಮ್ಮ ಮಗನಿಗೆ ಅಲ್ಲಿಯ ಹುಡುಗರು ದೊಡ್ಡವರಿಲ್ಲದೆ ಶಾಲೆಗೆ ನಡೆದು ಹೋಗುವುದು ಅಸೂಯೆಯ ವಿಷಯವಾಗಿತ್ತು. ಆತಿಥೇಯರಿಗೆ ಬರುವ, ನಿಮಗೆ ಬಾರದ ಕೆಲಸಗಳನ್ನು ಮಕ್ಕಳ ಎದುರಿಗೇ ಕೇಳಿ ಕಲಿಯಿರಿ. ಬೇರೆ ಮಕ್ಕಳ ಫೋಟೋವನ್ನು ಅವರ ತಂದೆತಾಯಿಯರ ಒಪ್ಪಿಗೆಯಿಲ್ಲದೆ ತೆಗೆಯಬೇಡಿ. ಒಪ್ಪಿಗೆ ಸಿಕ್ಕರೂ, ನಿಮ್ಮ ಮಗುವಿನದಾಗಿದ್ದರೆ ಎಲ್ಲರಿಗೂ ತೋರಿಸಲು ಹಿಂಜರಿಯುತ್ತಿದ್ದಂಥ ಚಿತ್ರವನ್ನು ಸಭೆಯ ಪರದೆಯ ಮೇಲೆ ತೋರಿಸಬೇಡಿ.

ಅರ್ಧದಲ್ಲೇ ವಾಪಸ್ ಬರಬೇಕಾಗಿ ಬಂದರೆ? ಕಾಣಿಕೆ ಕೊಟ್ಟವರಿಗೆ ಏನು ಹೇಳುವುದು?

ಯಾವ ಸ್ಥಿತಿ ಬಂದರೆ ಹಿಂತಿರುಗುತ್ತೇವೆ ಎಂಬುದನ್ನು ಹೊರಡುವ ಮುನ್ನವೇ ಬರೆದಿಟ್ಟು, ಕಾಣಿಕೆ ಕೊಡುವವರಿಗೂ ತಿಳಿಸಿ. ಆಗ ವಿವರಣೆಯ ಭಾರ ಅರ್ಧ ಇಳಿಯುತ್ತದೆ. ವಿಮೆಯ ಷರತ್ತುಗಳನ್ನು ಪೂರ್ತಿ ಓದಿ. ಕಟ್ಟಡ ಕೆಲಸದಂಥ ದೈಹಿಕ ಶ್ರಮವನ್ನು ಹಲವು ಪ್ರವಾಸ ವಿಮೆಗಳು ಹೊರಗಿಡುತ್ತವೆ. ರೋಗಿಯನ್ನು ದೊಡ್ಡ ಆಸ್ಪತ್ರೆಯಿರುವ ಕಡೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚ ಸೇರಿದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಬರಹದಲ್ಲಿ ಪಡೆಯಿರಿ.

ಬಂದು ಒಂದು ತಿಂಗಳಾಯಿತು. ಮಗ ಮಂಕಾಗಿದ್ದಾನೆ, ಸಣ್ಣದಕ್ಕೂ ಅಳುತ್ತಾನೆ. ಏನು ಮಾಡಲಿ?

ಮೊದಲು ಮೈ ಮುಟ್ಟಿ ನೋಡಿ. ಮಲೇರಿಯಾ ಇರುವ ಕಡೆಗೆ ಹೋಗಿ ಬಂದಿದ್ದರೆ, ಮರಳಿದ ಮೂರು ತಿಂಗಳೊಳಗೆ, ಕೆಲವೊಮ್ಮೆ ಅದಕ್ಕೂ ತಡವಾಗಿ ಬರುವ ಜ್ವರವನ್ನು ಮಲೇರಿಯಾ ಇರಬಹುದೆಂದೇ ಭಾವಿಸಿ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು. ಎಲ್ಲಿಗೆ ಹೋಗಿದ್ದಿರೆಂದು ವೈದ್ಯರು ಕೇಳದಿದ್ದರೂ ನೀವೇ ಹೇಳಬೇಕು. ಆಫ್ರಿಕಾದ ಸರೋವರಗಳಲ್ಲಿ ಮಗು ಈಜಿದ್ದರೆ ಅದನ್ನೂ ತಿಳಿಸಿ, ಅಲ್ಲಿಯ ಸಿಹಿನೀರಿನಲ್ಲಿ ಚರ್ಮದ ಮೂಲಕ ಒಳಸೇರುವ ಪರೋಪಜೀವಿಗಳಿವೆ.

ಮೈ ಸರಿಯಿದ್ದರೆ ಅದು ಬಹುಶಃ ಅಗಲಿಕೆಯ ದುಃಖ. ಮೂರು ವಾರ ತಂದೆ ತಾಯಿ ಇಡೀ ದಿನ ಕಣ್ಣೆದುರಿದ್ದು, ಬಾಗಿಲು ತೆರೆದರೆ ಗೆಳೆಯರು ಸಿಗುತ್ತಿದ್ದ ಮಗುವಿಗೆ ಮನೆಯೇ ಬರಿದಾಗಿ ಕಾಣುತ್ತದೆ. ನಮ್ಮ ಮಗ ಆರು ಬಾಟಲಿ ಮುಚ್ಚಳಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಅಲ್ಲಿಯ ಗೆಳೆಯರಿಗೆ ವಿಡಿಯೊ ಕರೆ ಮಾಡಿಕೊಟ್ಟಾಗ ಅವನು ಕೇಳಿದ ಮೊದಲ ಮಾತು, ಗೆರೆ ಮುಟ್ಟಿದ ಮುಚ್ಚಳ ಔಟೋ ಅಲ್ಲವೋ ಎಂದು.